ಭಾನುವಾರದ ತಟ್ಟೆ ಮತ್ತು ನಾನು ಕಲಿಸಿದ ಸುಳ್ಳು



ಇದು ಸ್ವಲ್ಪ ಉದ್ದದ ಪೋಸ್ಟ್. ಇವತ್ತು ಭಾನುವಾರ ಅಲ್ವಾ, ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ಅಕ್ಕನ ಮಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್. ನಮ್ಮ ಕೇರಿಯಿಂದ ವಿಮಾನ ಹತ್ತಿದ ಮೊದಲ ಹೆಣ್ಣುಮಗಳು ಅವಳು. ಹೋದ ಭಾನುವಾರ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ಲು. ದೊಡ್ಡ ಬಿಳಿ ತಟ್ಟೆ. ಅದರ ತುಂಬಾ ತೆಳ್ಳಗೆ ಕೊಯ್ದ ಮಾಂಸ, ಕೆಂಪಗೆ ಸುಟ್ಟ ಆಲೂಗಡ್ಡೆ, ಕ್ಯಾರೆಟ್, ಕೋಸು, ಬಟಾಣಿ, ಪಕ್ಕದಲ್ಲಿ ಬಟ್ಟಲಿನ ಥರ ಉಬ್ಬಿದ ಒಂದು ಪದಾರ್ಥ, ಎಲ್ಲದರ ಮೇಲೂ ಕಂದು ಬಣ್ಣದ ಗ್ರೇವಿ. "ಮಾವ, ಇದೇ ಸಂಡೇ ರೋಸ್ಟ್. ಇಲ್ಲಿಯೋರು ಭಾನುವಾರ ಮಧ್ಯಾಹ್ನ ಇದನ್ನ ತಿನ್ನೋಕೆ ಮನೆಮಂದಿಯೆಲ್ಲಾ ಹೋಟೆಲ್‌ಗೆ ಹೋಗ್ತಾರೆ. ನಾವೂ ಹೋಗಿದ್ವಿ" ಅಂತ ಬರೆದಿದ್ಲು.

ಅದು ದೊಡ್ಡ ಕಂಪನಿಯ ಹೋಟೆಲ್ ಅಲ್ವಂತೆ. ಗಂಡ ಹೆಂಡ್ತಿ ಇಬ್ಬರೇ ನಡೆಸೋ ಚಿಕ್ಕ ಹೋಟೆಲ್. ಗಂಡ ಒಳಗೆ ಬೇಯಿಸ್ತಾನೆ, ಹೆಂಡ್ತಿ ತಂದು ಬಡಿಸ್ತಾಳೆ. ಇವಳ ವಾರ್ಡಿನ ಐದಾರು ಜನ ಒಂದೇ ಮೇಜಿಗೆ ಕೂತಿದ್ರಂತೆ. ಒಬ್ಬಾಕೆ ಇಂಗ್ಲಿಷಿನವಳು, ಒಬ್ಬಾಕೆ ಜಮೈಕಾ ಮೂಲದವಳು, ಒಬ್ಬ ಮಲಯಾಳಿ, ಜೊತೆಗೆ ನಮ್ಮ ರಾಜ್ಯದ ಇಬ್ಬರು. ಓದಿ ಖುಷಿಯಾಯ್ತು. ನಮ್ಮ ಮಗು ಎಂಥಾ ಮೇಜಿನಲ್ಲಿ ಕೂತಿದೆ ನೋಡು ಅಂತ ಅಕ್ಕನಿಗೂ ತೋರಿಸ್ದೆ.

ಹತ್ತು ನಿಮಿಷ ಬಿಟ್ಟು ಇನ್ನೊಂದು ಮೆಸೇಜು ಬಂತು.

"ಮಾವ, ಬಡಿಸೋ ಅಮ್ಮ ಕೇಳಿದ್ಲು, ಬೀಫಾ, ಪೋರ್ಕಾ, ಕುರಿಯಾ, ಕೋಳಿಯಾ ಅಂತ. ನಂಗೆ ಬೀಫ್ ಬೇಕು ಅಂತಿತ್ತು. ಅವ್ವ ಮಾಡ್ತಿದ್ದುದು ಜ್ಞಾಪಕ ಬಂತು. ಆದ್ರೆ ನಮ್ ಕಡೆಯೋರು ಇಬ್ರು ಎದುರಿಗೇ ಕೂತಿದ್ರು. ಬಾಯಿಂದ ತಂತಾನೇ ಚಿಕನ್ ಅಂತ ಬಂದ್ಬಿಡ್ತು. ಯಾಕ್ ಮಾವ ಹಿಂಗೆ?"

ವಾರದಿಂದ ಈ ಪ್ರಶ್ನೆ ನನ್ನ ನಿದ್ದೆ ಕೆಡಿಸಿದೆ. ಉತ್ತರ ಬರೆಯೋಣ ಅಂತ ಕೂತರೆ ಅದು ಅವಳೊಬ್ಬಳಿಗೆ ಬರೆಯುವ ಉತ್ತರ ಅಲ್ಲ ಅನ್ನಿಸ್ತು. ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಆ ತಟ್ಟೆಯ ಕಥೆ ನೋಡೋಣ. ಅದರ ಚರಿತ್ರೆಯೂ ನಮ್ಮ ಥರದೋರ ಬೆವರಿನ ಚರಿತ್ರೆಯೇ.

ರೋಸ್ಟ್ ಅಂದ್ರೆ ಮಾಂಸದ ದೊಡ್ಡ ತುಂಡನ್ನು ಸಾರಿಗೆ ಹಾಕದೆ ಬೆಂಕಿಯ ಶಾಖದಲ್ಲೇ ಸುಡೋದು. ಮೊದಲು ಕಬ್ಬಿಣದ ಸಲಾಕಿಗೆ ಚುಚ್ಚಿ ಬೆಂಕಿ ಎದುರು ಗಂಟೆಗಟ್ಟಲೆ ತಿರುಗಿಸ್ತಾ ಇದ್ರು. ತಿರುಗಿಸೋರು ಯಾರು? ದೊಡ್ಡ ಮನೆಗಳ ಆಳುಹುಡುಗರು. ಆಮೇಲೆ ಅದಕ್ಕೆ ಅಂತಲೇ ಗಿಡ್ಡ ಕಾಲಿನ ನಾಯಿಗಳನ್ನು ಸಾಕಿ ಚಕ್ರದೊಳಗೆ ಓಡಿಸ್ತಿದ್ರು. ದನದ ಮಾಂಸದ ರೋಸ್ಟ್ ಇಂಗ್ಲಿಷರಿಗೆ ಎಷ್ಟು ಅಂಟಿಕೊಂಡಿತ್ತು ಅಂದ್ರೆ, ಫ್ರೆಂಚರು ಇಂಗ್ಲಿಷರನ್ನು ಅಣಕಿಸೋಕೆ ಇಟ್ಟ ಹೆಸರೇ 'ರೋಸ್‌ಬಿಫ್'. ನಮ್ಮನ್ನೂ ತಿನ್ನೋದರ ಹೆಸರಿಂದ ಕರೀತಾರೆ. ಆದ್ರೆ ಅವರಿಗೆ ಆ ಹೆಸರಿಂದ ಬಾವಿ ನೀರು ತಪ್ಪಲಿಲ್ಲ, ಹೋಟೆಲ್ ಬಾಗಿಲು ಮುಚ್ಚಲಿಲ್ಲ. ಹೆಮ್ಮೆಯಿಂದ ಹೇಳ್ಕೊಂಡ್ರು.

ಆದ್ರೆ ಎಲ್ಲಾ ಇಂಗ್ಲಿಷರೂ ದಿನಾ ಅದನ್ನ ತಿಂತಿರಲಿಲ್ಲ. ಬಡವರಿಗೆ ಅದು ವಾರಕ್ಕೊಮ್ಮೆ ಸಿಕ್ಕರೆ ಪುಣ್ಯ. ತಟ್ಟೆಯಲ್ಲಿ ಉಬ್ಬಿದ ಪದಾರ್ಥ ಅಂದ್ನಲ್ಲಾ, ಅದರ ಹೆಸರು ಯಾರ್ಕ್‌ಶೈರ್ ಪುಡ್ಡಿಂಗ್. ಸಿಹಿ ಅಲ್ಲ. ಮೈದಾ, ಮೊಟ್ಟೆ, ಹಾಲು ಕಲಸಿ ಕಾದ ಕೊಬ್ಬಿಗೆ ಸುರಿದು ಬೇಯಿಸಿದ್ದು. ಹನ್ನಾ ಗ್ಲಾಸ್ ಎಂಬ ಹೆಣ್ಣುಮಗಳು 1747ರಲ್ಲಿ ಬರೆದ ಅಡುಗೆ ಪುಸ್ತಕದಲ್ಲೇ ಅದನ್ನು ಮಾಡೋ ರೀತಿ ಇದೆ. ಬಡವರ ಮನೆಯಲ್ಲಿ ಅದನ್ನ ಮೊದಲೇ ಗ್ರೇವಿ ಜೊತೆ ಬಡಿಸಿಬಿಡ್ತಿದ್ರಂತೆ. ಯಾಕೆ? ಹೊಟ್ಟೆ ಅರ್ಧ ತುಂಬಿದ ಮೇಲೆ ಇರೋ ಚೂರು ಮಾಂಸ ಎಲ್ಲರಿಗೂ ಆಗಲಿ ಅಂತ. ಇದನ್ನ ಓದಿದಾಗ ನನಗೆ ನನ್ನವ್ವ ನೆನಪಾದ್ಲು. "ಮೊದ್ಲು ಮುದ್ದೆ ನುಂಗ್ಲಾ, ತುಂಡು ಕೊನೇಗೆ" ಅಂತಿದ್ಲು. ಯಾರ್ಕ್‌ಶೈರಿನ ತಾಯಿಗೂ ನಮ್ಮ ಕೇರಿಯ ತಾಯಿಗೂ ಒಂದೇ ಲೆಕ್ಕ.

ಆ ಕಾಲದ ಬಡವರ ಮನೆಯಲ್ಲಿ ಅಷ್ಟು ದೊಡ್ಡ ತುಂಡು ಬೇಯಿಸೋಕೆ ಒಲೆಯೂ ಇರಲಿಲ್ಲ, ಸೌದೆ ಕಲ್ಲಿದ್ದಲಿಗೆ ಕಾಸೂ ಇರಲಿಲ್ಲ. ಭಾನುವಾರ ಬ್ರೆಡ್ ಮಾಡೋ ಬೇಕರಿಯವನ ಒಲೆ ಖಾಲಿ ಇರ್ತಿತ್ತಲ್ಲಾ, ಅಲ್ಲಿಗೆ ತಮ್ಮ ಪಾತ್ರೆ ಒಯ್ದು ಕೊಡ್ತಿದ್ರು. ಚರ್ಚ್ ಮುಗಿಸಿಕೊಂಡು ಬಂದು ಬೆಂದ ಊಟ ಹೊತ್ತುಕೊಂಡು ಮನೆಗೆ ಹೋಗ್ತಿದ್ರು. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯಲ್ಲಿ ಬಡವರು ಹೀಗೆ ಬೇಕರಿಗೆ ಊಟ ಹೊತ್ತುಕೊಂಡು ಹೋಗೋದು ಬರುತ್ತೆ.

ಅದಕ್ಕೂ ಕಲ್ಲು ಹಾಕೋಕೆ ನೋಡಿದ್ರು. 1830ರ ದಶಕದಲ್ಲಿ ಸರ್ ಆಂಡ್ರ್ಯೂ ಆಗ್ನ್ಯೂ ಎಂಬ ಪಾರ್ಲಿಮೆಂಟ್ ಸದಸ್ಯ, ಭಾನುವಾರ ದೇವರ ದಿನ, ಅವತ್ತು ಕೆಲಸ ವ್ಯಾಪಾರ ಎಲ್ಲಾ ನಿಲ್ಲಬೇಕು ಅಂತ ಮತ್ತೆ ಮತ್ತೆ ಮಸೂದೆ ತಂದ. ಮಸೂದೆ ಕಾನೂನಾಗಲಿಲ್ಲ. ಡಿಕನ್ಸ್ 1836ರಲ್ಲಿ ಇದರ ವಿರುದ್ಧ ಬೇರೆ ಹೆಸರಲ್ಲಿ ಒಂದು ಕಿರುಪುಸ್ತಕವನ್ನೇ ಬರೆದ. ಅವನ ವಾದ ಸರಳ: ಸಾಹುಕಾರನ ಮನೆಯಲ್ಲಿ ಅಡುಗೆಯವರಿದ್ದಾರೆ, ಅವನ ರೋಸ್ಟ್ ನಿಲ್ಲೋದಿಲ್ಲ. ಈ ಕಾನೂನು ಬಂದರೆ ನಿಲ್ಲೋದು ಬಡವನ ಊಟ ಮಾತ್ರ. ದೇವರ ಹೆಸರಲ್ಲಿ ಮಾಡೋ ಕಾನೂನು ಯಾರ ತಟ್ಟೆಗೆ ಕೈ ಹಾಕುತ್ತೆ ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ಸಾಹುಕಾರರ ಆ ಅಡುಗೆಯವರಿಗೆ ಭಾನುವಾರ ಇತ್ತಾ? ಯಜಮಾನರು ಚರ್ಚಿಂದ ಬರೋ ಹೊತ್ತಿಗೆ ಮೇಜು ಸಿದ್ಧ ಇರಬೇಕಿತ್ತು. ಅಂದ್ರೆ ಅವರಿಗೆ ಅದು ವಾರದ ಹೆಚ್ಚಿನ ಕೆಲಸದ ದಿನ. ಕಾರ್ಖಾನೆಗಳಲ್ಲಿ 1850ರ ಕಾನೂನು ಬಂದ ಮೇಲೆ ಹೆಂಗಸರು, ಹುಡುಗರಿಗೆ ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ಬಿಡಬೇಕಾಯ್ತು. ವಾರದ ಕೊನೆ ಅನ್ನೋ ಬಿಡುವು ಹೀಗೆ ಚೂರು ಚೂರಾಗಿ, ಜಗಳ ಆಡಿ ಸಿಕ್ಕಿದ್ದು. ಎರಡನೇ ಮಹಾಯುದ್ಧದಲ್ಲಿ 1940ರ ಮಾರ್ಚ್‌ನಿಂದ ಮಾಂಸಕ್ಕೆ ರೇಷನ್ ಹಾಕಿದ್ರು. ಅದು ಪೂರ್ತಿ ಎದ್ದಿದ್ದು 1954ರ ಜುಲೈನಲ್ಲಿ. ಹದಿನಾಲ್ಕು ವರ್ಷ! ಆ ವರ್ಷಗಳಲ್ಲೂ ಇರೋ ಅಷ್ಟು ರೇಷನ್ನನ್ನೇ ಭಾನುವಾರಕ್ಕೆ ಅಂತ ಉಳಿಸಿಕೊಂಡ ಮನೆಗಳಿದ್ದವು.

ಈಗ ನಮ್ಮ ಭಾನುವಾರಕ್ಕೆ ಬರೋಣ. ಅದು ಬ್ರಿಟಿಷರು ಕೊಟ್ಟ ಭಿಕ್ಷೆ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ. ಬ್ರಿಟಿಷ್ ಸಾಹೇಬನ ಕಚೇರಿಗೆ ರಜೆ ಇತ್ತು ನಿಜ. ಬಾಂಬೆಯ ಬಟ್ಟೆ ಗಿರಣಿಯ ಕೂಲಿಯವನಿಗೆ ಇರಲಿಲ್ಲ. ಅವನಿಗೆ ಭಾನುವಾರ ತಂದುಕೊಟ್ಟಿದ್ದು ನಾರಾಯಣ ಮೇಘಾಜಿ ಲೋಖಂಡೆ. ಇವರು ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, 'ದೀನಬಂಧು' ಪತ್ರಿಕೆ ನಡೆಸಿದವರು. 1884ರಲ್ಲಿ ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಕಟ್ಟಿ, ವಾರಕ್ಕೊಂದು ದಿನ ರಜೆ ಬೇಕು ಅಂತ ಸಾವಿರಾರು ಕಾರ್ಮಿಕರ ಸಹಿ ಹಾಕಿಸಿ ಮನವಿ ಕೊಟ್ಟರು. ಮಾಲೀಕರು ಕಿವಿಗೆ ಹಾಕಿಕೊಳ್ಳಲಿಲ್ಲ. ಆರು ವರ್ಷ ಬಿಡದೆ ಹೋರಾಡಿದರು. 1890ರ ಏಪ್ರಿಲ್ 24ರ ಸಭೆಗೆ ಸುಮಾರು 10 ಸಾವಿರ ಕಾರ್ಮಿಕರು ಸೇರಿದ್ದರು, ಇಬ್ಬರು ಹೆಣ್ಣು ಕಾರ್ಮಿಕರೂ ಎದ್ದು ನಿಂತು ಮಾತಾಡಿದ್ದರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷ, 1891ರ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ರಜೆ ಕಾನೂನಾಯ್ತು.

ಸತ್ಯಶೋಧಕ ಚಳವಳಿಯ ಮನುಷ್ಯ ಗೆದ್ದುಕೊಟ್ಟ ದಿನ ಇದು. ಇವತ್ತು ಮಿಲ್ಟ್ರಿ ಹೋಟೆಲ್ ಮುಂದೆ ಕ್ಯೂ ನಿಂತು ನಾಟಿಕೋಳಿ ಮುದ್ದೆ ತಿನ್ನೋ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಆದ್ರೂ ಆ ಭಾನುವಾರ ಗಿರಣಿ ಗೇಟಿನವರೆಗೆ ಬಂತು, ನಮ್ಮ ಕೇರಿಗೆ ಬರಲಿಲ್ಲ. ನನ್ನ ತಾತ ಜೀತಕ್ಕಿದ್ದ. ಜೀತದ ಆಳಿಗೆ ಯಾವ ಭಾನುವಾರ? ಗೌಡರ ಮನೆ ದನ ಭಾನುವಾರ ಮೇಯದೆ ಇರುತ್ತಾ? ಜೀತ ರದ್ದು ಮಾಡೋ ಕಾನೂನು ಬಂದಿದ್ದೇ 1976ರಲ್ಲಿ. ಕೇರಿಯಲ್ಲಿ ಬಾಡಿನ ದಿನ ಅಂತ ಒಂದಿರ್ತಿತ್ತು. ಮಾಂಸವನ್ನ ಗುಡ್ಡೆ ಗುಡ್ಡೆ ಮಾಡಿ, ಮನೆಗೊಂದು ಗುಡ್ಡೆ ಅಂತ ಹಂಚ್ಕೊಳ್ತಿದ್ರು. ದುಡ್ಡಿದ್ದವನಿಗೂ ಅದೇ ಗುಡ್ಡೆ, ಇಲ್ಲದವನಿಗೂ ಅದೇ ಗುಡ್ಡೆ. ಮಿಕ್ಕಿದ್ದನ್ನ ದಾರಕ್ಕೆ ಪೋಣಿಸಿ ಒಣಗಿಸ್ತಿದ್ರು. ಇಂಗ್ಲಿಷಿನವನು ಭಾನುವಾರ ಮಿಕ್ಕ ರೋಸ್ಟನ್ನ ಸೋಮವಾರ ತಣ್ಣಗೇ ತಿಂದ, ನಾವು ಒಣಗಿಸಿ ತಿಂಗಳುಗಟ್ಟಲೆ ತಿಂದ್ವಿ.

ಬಾಬಾಸಾಹೇಬರ ಮಾತಿಲ್ಲದೆ ಈ ಕಥೆ ಪೂರ್ತಿಯಾಗಲ್ಲ.

ಅವರು ಲಂಡನ್ನಿಗೆ ಮೊದಲು ಹೋಗಿದ್ದು 1916ರಲ್ಲಿ. ಓದು ಮಧ್ಯದಲ್ಲೇ ಬಿಟ್ಟು 1917ರಲ್ಲಿ ಬರೋಡಾ ಮಹಾರಾಜರ ಕೆಲಸಕ್ಕೆ ವಾಪಸ್ ಬಂದರು. ಅಮೆರಿಕ, ಇಂಗ್ಲೆಂಡಿನಲ್ಲಿ ಇದ್ದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮರೆತುಹೋಗಿತ್ತು ಅಂತ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಬರೋಡಾ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಮೊದಲು ಎದ್ದ ಪ್ರಶ್ನೆ: ಎಲ್ಲಿ ಉಳಿಯೋದು? ಹಿಂದೂ ಹೋಟೆಲ್‌ಗಳು ಸೇರಿಸಲ್ಲ ಅಂತ ಗೊತ್ತಿತ್ತು. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದುಕೊಂಡು ಒಂದು ಡಜನ್ ಪಾರ್ಸಿಗಳು ಬಂದು ಖಾಲಿ ಮಾಡಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮನುಷ್ಯ, ಬರೋಡಾದಲ್ಲಿ ತಲೆ ಮೇಲೆ ಸೂರಿಲ್ಲದೆ ಪಾರ್ಕಿನ ಮರದ ಕೆಳಗೆ ಕೂತು ಅತ್ತರು. ಗಮನಿಸಿ, ಒಂದು ಸೂರಿಗಾಗಿ ಬಾಬಾಸಾಹೇಬರೂ ಬೇರೆ ಹೆಸರು ಹೇಳಬೇಕಾಗಿ ಬಂತು.

1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರ್ ಮನೆಯಲ್ಲಿ ಬಾಡಿಗೆಗೆ ಇದ್ದರು. ಅದೇ ಮನೆಯನ್ನ 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿದೆ. ಆಗ ಅವರ ಊಟ ಏನು? ಜೀವನಚರಿತ್ರೆ ಬರೆದ ಧನಂಜಯ ಕೀರ್ ದಾಖಲಿಸಿದ್ದಾರೆ: ಒಂದು ಚೂರು ಬ್ರೆಡ್, ಸ್ವಲ್ಪ ಮೀನು, ಒಂದು ಕಪ್ ಬೋವ್ರಿಲ್. ದಿನವೆಲ್ಲಾ ಬ್ರಿಟಿಷ್ ಮ್ಯೂಸಿಯಂ ಲೈಬ್ರರಿ. ರಾತ್ರಿ ಹಸಿವು ತಡೆಯಲಾರದೆ ಸುಟ್ಟ ಹಪ್ಪಳ. ಬೋವ್ರಿಲ್ ಅಂದ್ರೇನು ಗೊತ್ತಾ? ದನದ ಮಾಂಸದ ಸಾರವನ್ನ ಗಟ್ಟಿ ಮಾಡಿ ಬಾಟಲಿಗೆ ತುಂಬಿರ್ತಾರೆ. ಒಂದು ಚಮಚ ಬಿಸಿನೀರಿಗೆ ಕಲಸಿಕೊಂಡು ಕುಡಿಯೋದು. ಸಂಡೇ ರೋಸ್ಟ್ ತಿನ್ನೋ ಊರಿನಲ್ಲಿ, ಅದರ ಸಾರವನ್ನು ನೀರಿಗೆ ಕಲಸಿ ಕುಡಿದು ಓದಿದ ಮನುಷ್ಯ 1923ಕ್ಕೆ ಡಿ.ಎಸ್ಸಿ. ಪಡೆದರು. 1948ರಲ್ಲಿ 'ದಿ ಅನ್‌ಟಚೆಬಲ್ಸ್' ಪುಸ್ತಕ ಬರೆದು, ಅಸ್ಪೃಶ್ಯತೆಯ ಬೇರಿಗೂ ದನದ ಮಾಂಸಕ್ಕೂ ಏನು ಸಂಬಂಧ ಅನ್ನೋದನ್ನ ವೇದಗಳಿಂದಲೇ ಸಾಕ್ಷಿ ತೆಗೆದು ಜಗತ್ತಿನ ಮುಂದೆ ಇಟ್ಟರು. ಮುಚ್ಚಿಡಲಿಲ್ಲ.

ಅದೇ 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಅಸ್ಪೃಶ್ಯತೆ ರದ್ದು ಮಾಡುವ ವಿಧಿ ಪಾಸಾಯ್ತು. ಅವತ್ತೇ ಚರ್ಚೆಯಾದ ಇನ್ನೊಂದು ವಿಧಿ ನಮ್ಮ ಇವತ್ತಿನ ವಿಷಯಕ್ಕೆ ಸಂಬಂಧಪಟ್ಟಿದ್ದು. ಈಗ ಅದು 15ನೇ ವಿಧಿ. ಅಂಗಡಿ, ಹೋಟೆಲು, ಸಾರ್ವಜನಿಕ ಊಟದ ಜಾಗಗಳಿಗೆ ಹೋಗೋಕೆ ಜಾತಿ ಧರ್ಮದ ಹೆಸರಲ್ಲಿ ಯಾರನ್ನೂ ತಡೆಯಬಾರದು ಅಂತ ಅದರ ಎರಡನೇ ಖಂಡ ಹೇಳುತ್ತೆ. 'ಅಂಗಡಿ' ಅಂದ್ರೆ ಏನೇನು ಅಂತ ಸಭೆಯಲ್ಲಿ ಪ್ರಶ್ನೆ ಬಂತು. ಬಾಬಾಸಾಹೇಬರು ಆ ಪದವನ್ನ ವಿಶಾಲ ಅರ್ಥದಲ್ಲೇ ಬಳಸಿದೆ, ದುಡ್ಡು ಕೊಟ್ಟವರಿಗೆ ಸೇವೆ ಕೊಡ್ತೀನಿ ಅಂತ ಬಾಗಿಲು ತೆರೆದು ಕೂತ ಎಲ್ಲರೂ ಅದರಲ್ಲಿ ಬರ್ತಾರೆ ಅಂತ ವಿವರಿಸಿದರು. ಬರೋಡಾದ ಆ ಮರದ ಕೆಳಗೆ ಕೂತಿದ್ದವರು, ಮೂವತ್ತೊಂದು ವರ್ಷ ಆದಮೇಲೆ ದೇಶದ ಎಲ್ಲಾ ಹೋಟೆಲ್ ಬಾಗಿಲಿಗೂ ಬರೆದ ಉತ್ತರ ಅದು.

ಇಷ್ಟು ಓದಿದವರು ಕೇಳಬಹುದು: ಇಂಗ್ಲೆಂಡಿನಲ್ಲಿ ಹೋಟೆಲ್ ಬಾಗಿಲು ಎಲ್ಲರಿಗೂ ತೆರೆದಿತ್ತಾ? ಇಲ್ಲ. 1943ರಲ್ಲಿ ವೆಸ್ಟ್ ಇಂಡೀಸ್‌ನ ದೊಡ್ಡ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಲಂಡನ್ನಿನ ಇಂಪೀರಿಯಲ್ ಹೋಟೆಲ್‌ನಲ್ಲಿ ರೂಮು ಕಾಯ್ದಿರಿಸಿ ಹೋದರೆ, ಕಪ್ಪು ಜನ ಇದ್ದರೆ ಬೇರೆ ಗಿರಾಕಿಗಳು ಒಪ್ಪಲ್ಲ ಅಂತ ಕಳಿಸಿದರು. ಅವರು ಕೋರ್ಟಿಗೆ ಹೋಗಿ 1944ರಲ್ಲಿ ಗೆದ್ದರು. ಸಿಕ್ಕ ಪರಿಹಾರ ಬರೀ 5 ಗಿನಿ. ಆದ್ರೆ ಕೇಸು ಚರಿತ್ರೆ ಆಯ್ತು.

ನನ್ನ ಅಕ್ಕನ ಮಗಳು ಇರೋ ಬರ್ಮಿಂಗ್‌ಹ್ಯಾಮ್ ಪಕ್ಕದಲ್ಲೇ ಸ್ಮೆದಿಕ್ ಅಂತ ಊರಿದೆ. ಕಬ್ಬಿಣದ ಎರಕದ ಕಾರ್ಖಾನೆಗಳ ಊರು. ಪಂಜಾಬಿಂದ ಹೋದ ಕಾರ್ಮಿಕರು ಅಲ್ಲಿ ತುಂಬಾ ಇದ್ದರು. 1960ರ ದಶಕದಲ್ಲಿ ಅಲ್ಲಿನ ಎಷ್ಟೋ ಪಬ್‌ಗಳಲ್ಲಿ ಒಂದು ಕೋಣೆ ಬಿಳಿಯರಿಗೆ ಮಾತ್ರ. ಕಪ್ಪು, ಕಂದು ಜನ ಅಲ್ಲಿಗೆ ಕಾಲಿಟ್ಟರೆ ಬಡಿಸ್ತಿರಲಿಲ್ಲ. ಎರಕದ ಕೆಲಸಗಾರ ಅವತಾರ್ ಸಿಂಗ್ ಜೋಹಲ್ ಮತ್ತು ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನವರು ಇದನ್ನ ಎದುರಿಸಿದ ರೀತಿ ನೋಡಿ. ಬಿಳಿಯ ವಿದ್ಯಾರ್ಥಿಗಳನ್ನ ಜೊತೆಗೆ ಕರ್ಕೊಂಡು ಪಬ್‌ನಿಂದ ಪಬ್‌ಗೆ ಹೋಗ್ತಿದ್ರು. ಯಾರಿಗೆ ಕೊಡ್ತಾರೆ, ಯಾರಿಗೆ ಕೊಡಲ್ಲ ಅಂತ ಪರೀಕ್ಷೆ ಮಾಡ್ತಿದ್ರು. ಭೇದ ಮಾಡಿದವರ ಲೈಸೆನ್ಸ್ ನವೀಕರಣಕ್ಕೆ ತಕರಾರು ಹಾಕ್ತಿದ್ರು. 1965ರ ಫೆಬ್ರವರಿ 12ರಂದು ಮಾಲ್ಕಮ್ ಎಕ್ಸ್ ಸ್ಮೆದಿಕ್‌ಗೇ ಬಂದರು. ಅವರನ್ನ ಜೋಹಲ್ ಬ್ಲೂ ಗೇಟ್ಸ್ ಎಂಬ ಪಬ್‌ಗೆ ಕರೆದುಕೊಂಡು ಹೋದರೆ, ಬಿಳಿಯರ ಕೋಣೆಯಲ್ಲಿ ಕೊಡಲ್ಲ ಅಂದರು. ಅದಾಗಿ ಒಂಬತ್ತೇ ದಿನಕ್ಕೆ ಮಾಲ್ಕಮ್ ಎಕ್ಸ್ ಹತ್ಯೆಯಾಯ್ತು. ಅದೇ ವರ್ಷದ ಕೊನೆಗೆ ಇಂಗ್ಲೆಂಡಿನಲ್ಲಿ ಮೊದಲ ರೇಸ್ ರಿಲೇಷನ್ಸ್ ಕಾಯ್ದೆ ಬಂತು. ಹೋಟೆಲು, ಪಬ್ಬುಗಳಲ್ಲಿ ಬಣ್ಣ ನೋಡಿ ಭೇದ ಮಾಡೋದು ಕಾನೂನುಬಾಹಿರ ಆಯ್ತು.

ಮಗಳೇ, ನೀನು ಕೂತಿದ್ದೆಯಲ್ಲಾ ಆ ಮೇಜು, ಅದನ್ನ ಯಾರೋ ಒಳ್ಳೆ ಮನಸ್ಸಿನವರು ಹಾಕಿಟ್ಟಿದ್ದಲ್ಲ. ನಿನ್ನ ಪಕ್ಕದಲ್ಲಿದ್ದ ಜಮೈಕಾದ ಹೆಣ್ಣುಮಗಳ ಅಜ್ಜಂದಿರು, ಪಂಜಾಬಿನ ಎರಕದ ಕೆಲಸಗಾರರು ಬಾಗಿಲಲ್ಲಿ ನಿಂತು ಅವಮಾನ ತಿಂದು ಗೆದ್ದಿದ್ದು.

ನಮ್ಮೂರಲ್ಲೂ ಒಂದು ಬಾಗಿಲಿತ್ತು. 1989ರ ಸುಮಾರು. ನನಗೆ ಹತ್ತು ಹನ್ನೊಂದು ವರ್ಷ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಟೀ ಹೋಟೆಲ್. ನಮ್ಮವರಿಗೆ ಗೋಡೆಯ ಗೂಡಲ್ಲಿ ಬೇರೆ ಲೋಟ. ನಾವೇ ತಗೊಂಡು, ಹೊರಗೆ ನಿಂತು, ಮೇಲಿಂದ ಹುಯ್ದದ್ದು ಕುಡಿದು, ತೊಳೆದು, ಬೋರಲು ಹಾಕಿ ಬರಬೇಕು. ದುಡ್ಡು ಮಾತ್ರ ಎಲ್ಲರದ್ದೂ ಒಂದೇ ಡಬ್ಬಕ್ಕೆ. 1955ರಲ್ಲೇ ಇದನ್ನ ಅಪರಾಧ ಮಾಡಿದ ಕಾನೂನು ಬಂದಿತ್ತು. ನಮ್ಮೂರಿಗೆ ಆ ಕಾನೂನು ಬಸ್ಸು ಹತ್ತಿ ಬರೋಕೆ ಮೂವತ್ತು ವರ್ಷ ಮೇಲಾಯ್ತು.

ತಂದೋರು ದಲಿತ ಸಂಘರ್ಷ ಸಮಿತಿಯ ಹುಡುಗರು. ಒಂದು ಸಂತೆ ದಿನ ಐದಾರು ಜನ ಬಂದು ನಮ್ಮಪ್ಪನ ಥರದ ಹಿರಿಯರನ್ನ ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದ್ರು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಹೋಟೆಲ್‌ನವನು ಮುಖ ಗಂಟು ಹಾಕ್ಕೊಂಡು ಟೀ ತಂದಿಟ್ಟ. ಅಪ್ಪ ಕುಡಿದ. ಕುಡಿದು ಎದ್ದ. ಎದ್ದು, ಲೋಟ ತಗೊಂಡು ತೊಳೆಯೋಕೆ ಹೊರಟ. ಆ ಹುಡುಗರಲ್ಲಿ ಒಬ್ಬರು, "ಬುಡಣ್ಣೋ, ಅಲ್ಲೇ ಇಡು, ಅವ್ರು ತೊಳೀತಾರೆ" ಅಂದ್ರು. ಅಪ್ಪ ಲೋಟ ಹಿಡ್ಕೊಂಡು ಹಂಗೇ ನಿಂತಿದ್ದ. ಇಡೋಕೂ ಆಗ್ತಿಲ್ಲ, ಒಯ್ಯೋಕೂ ಆಗ್ತಿಲ್ಲ.

ಮಾರನೇ ದಿನದಿಂದ ಹೋಟೆಲ್ ಬಂದ್. ಹದಿನೈದು ದಿನ ಬಿಟ್ಟು ತೆರೆದ. ಬೇರೆ ಲೋಟ ಇರಲಿಲ್ಲ. ವರ್ಷಗಳು ಕಳೆದು ಪ್ಲಾಸ್ಟಿಕ್ ಲೋಟ ಬಂದಾಗ, ಅದು ಮೊದಲು ಬಂದಿದ್ದು ಯಾರಿಗೆ ಅಂತ ಬಿಡಿಸಿ ಹೇಳಬೇಕಾ? ಕುಡಿದು ಬಿಸಾಕೋ ಲೋಟಕ್ಕೆ ಜಾತಿ ಕೇಳೋಕೆ ಯಾವ ಕಾನೂನಿಗೂ ಆಗಲ್ಲ.

ಅಕ್ಕನ ಮಗಳ ಪ್ರಶ್ನೆ ಇದೇ. ಹೊರಗಿನ ಬಾಗಿಲು ತೆಗೆದ್ರೂ, ಅಪ್ಪನ ಕೈ ಲೋಟ ತೊಳೆಯೋಕೆ ಹೋಯ್ತು. ಸುಮಾರು ಎಂಟು ಸಾವಿರ ಕಿಲೋಮೀಟರ್ ಆಚೆ, ಕಾನೂನಿರೋ ದೇಶದಲ್ಲಿ, ಇವಳ ಬಾಯಿ ಚಿಕನ್ ಅಂತು.

ಅಲ್ಲಿಗೂ ಜಾತಿ ಹೋಗಿದೆ ಬಂಧುಗಳೇ. ಪಾಸ್‌ಪೋರ್ಟ್ ಇಲ್ಲದೇನೇ ಹೋಗಿದೆ. 2010ರಲ್ಲಿ ಬ್ರಿಟಿಷ್ ಸರ್ಕಾರವೇ ಮಾಡಿಸಿದ ಅಧ್ಯಯನದಲ್ಲಿ ಅಲ್ಲಿ ಜಾತಿ ತಾರತಮ್ಯ ಇರೋದಕ್ಕೆ ಸಾಕ್ಷಿ ಸಿಕ್ತು. 2013ರಲ್ಲಿ ಸಮಾನತೆಯ ಕಾನೂನಿಗೆ ಜಾತಿಯನ್ನೂ ಸೇರಿಸಬೇಕು ಅಂತ ಅವರ ಪಾರ್ಲಿಮೆಂಟ್ ತೀರ್ಮಾನ ಮಾಡ್ತು. ಸೇರಿಸಲಿಲ್ಲ. 2018ರಲ್ಲಿ ಸರ್ಕಾರ, ಕಾನೂನು ಬೇಡ, ಕೋರ್ಟಿನ ತೀರ್ಪುಗಳೇ ಸಾಕು ಅಂತ ಕೈತೊಳೆದುಕೊಳ್ತು.

ಯಾವ ತೀರ್ಪು? ಮುಖ್ಯವಾದದ್ದು ತಿರ್ಕಿ ಪ್ರಕರಣ. ಭಾರತದಿಂದ ಮನೆಗೆಲಸಕ್ಕೆ ಅಂತ ಕರೆದೊಯ್ದ ಒಬ್ಬ ಆದಿವಾಸಿ ಹೆಣ್ಣುಮಗಳು. ನಾಲ್ಕೂವರೆ ವರ್ಷ ದುಡಿದಳು. ದಿನಕ್ಕೆ 18 ಗಂಟೆ, ವಾರಕ್ಕೆ 7 ದಿನ. ಲೆಕ್ಕ ಹಾಕಿದರೆ ಗಂಟೆಗೆ 11 ಪೆನ್ಸ್ ಕೂಲಿ. ದುಡಿಸಿಕೊಂಡವರು ನಮ್ಮ ದೇಶದ ಮೂಲದವರೇ. 2015ರಲ್ಲಿ ಅವರಿಂದ 1 ಲಕ್ಷ 83 ಸಾವಿರ ಪೌಂಡಿಗೂ ಹೆಚ್ಚು ಬಾಕಿ ಕೂಲಿ ಕೊಡಿಸೋ ಆದೇಶ ಆಯ್ತು. ವಾರಕ್ಕೆ 7 ದಿನ ಅನ್ನೋದನ್ನ ಇನ್ನೊಂದು ಸಲ ಓದಿ. ಊರೆಲ್ಲಾ ಸಂಡೇ ರೋಸ್ಟ್ ತಿನ್ನೋ ದೇಶದಲ್ಲಿ ಆ ತಂಗಿಗೆ ಸಂಡೇನೇ ಇರಲಿಲ್ಲ. ನನ್ನ ತಾತನ ಜೀತ ವಿಮಾನ ಹತ್ತಿಕೊಂಡು ಹೋಗಿತ್ತು.

ಈಗ ನನ್ನ ಸರದಿ. ಇಲ್ಲಿಯವರೆಗೆ ಚರಿತ್ರೆ ಹೇಳಿದೆ. ಇನ್ನು ಸತ್ಯ ಹೇಳ್ತೀನಿ.

"ಯಾಕ್ ಮಾವ ಹಿಂಗೆ?" ಅಂತ ಅವಳು ಕೇಳಿದ್ಲಲ್ಲಾ, ಉತ್ತರ ನನಗೆ ಗೊತ್ತಿತ್ತು. ಅವಳಿಗೆ ಅದನ್ನ ಕಲಿಸಿದ್ದು ನಾನೇ. ನರ್ಸಿಂಗ್ ಕಾಲೇಜಿಗೆ ಸೇರಿಸೋಕೆ ಹೋದಾಗ ಹಾಸ್ಟೆಲ್ ಗೇಟಿನಲ್ಲಿ ಟ್ರಂಕ್ ಇಳಿಸಿ, ಪಕ್ಕಕ್ಕೆ ಕರೆದು ಹೇಳಿದ್ದೆ: "ನೋಡವ್ವ, ಮನೇಲಿ ಏನ್ ತಿಂತೀರಿ ಅಂತ ಯಾರಾದ್ರೂ ಕೇಳುದ್ರೆ ಕೋಳಿ, ಕುರಿ ಅನ್ನು. ಅಷ್ಟೇ ಸಾಕು." ಹದಿನೆಂಟು ವರ್ಷದ ಹುಡುಗಿ, ತಲೆ ಅಲ್ಲಾಡಿಸಿದ್ಲು. ರೂಮ್‌ಮೇಟ್‌ಗಳು ದೂರ ಮಾಡಬಾರದು, ಓದು ಹಾಳಾಗಬಾರದು ಅನ್ನೋದಷ್ಟೇ ನನ್ನ ತಲೇಲಿದ್ದದ್ದು. ಅವಳು ಪಾಠ ಚೆನ್ನಾಗಿ ಕಲಿತಳು. ಬರ್ಮಿಂಗ್‌ಹ್ಯಾಮ್‌ನಲ್ಲೂ ಮರೆಯಲಿಲ್ಲ.

ನಾನು ವೇದಿಕೆ ಮೇಲೆ ಮೈಕ್ ಹಿಡಿದು ಆಹಾರದ ಹಕ್ಕಿನ ಬಗ್ಗೆ ಭಾಷಣ ಮಾಡೋನು. ನೀವೆಲ್ಲಾ ಚಪ್ಪಾಳೆ ತಟ್ಟಿದೀರಿ. ಅದೇ ನಾನು ಇಪ್ಪತ್ತು ವರ್ಷದಿಂದ ಆಫೀಸಲ್ಲಿ ಗುಮಾಸ್ತ. ಪ್ರತಿ ಸೋಮವಾರ ಟೀ ಹೊತ್ತಲ್ಲಿ ಕೇಳ್ತಾರೆ, "ಏನ್ರೀ, ನಿನ್ನೆ ಏನ್ ಸ್ಪೆಷಲ್ಲು?" ನಾನು "ಚಿಕನ್ ಸರ್" ಅಂತೀನಿ. ಇಪ್ಪತ್ತು ವರ್ಷದ ಸೋಮವಾರಗಳು ಎಷ್ಟಾದವು ಲೆಕ್ಕ ಹಾಕಿ. ಅಷ್ಟು ಸುಳ್ಳು. ಟಿಫನ್ ಬಾಕ್ಸಿಗೆ ಚಿತ್ರಾನ್ನ ಬಿಟ್ಟು ಬೇರೆ ಹಾಕಬೇಡ ಅಂತ ಹೆಂಡತಿಗೂ ಹೇಳಿದೀನಿ.

ಮಿಲ್ಟ್ರಿ ಹೋಟೆಲ್ ಬೋರ್ಡಿನಲ್ಲಿ ಕುರಿ, ಕೋಳಿ, ತಲೆಮಾಂಸ, ಕಾಲ್‌ಸೂಪು ಎಲ್ಲಾ ಇರುತ್ತೆ. ನಮ್ಮ ಬಾಡಿಗೆ ಬೋರ್ಡಿಲ್ಲ. 1964ರ ಕಾನೂನಿನಲ್ಲಿ 12 ವರ್ಷ ದಾಟಿದ ಎತ್ತಿಗೆ ಪ್ರಮಾಣಪತ್ರ ತಗೊಂಡು ಅವಕಾಶ ಇತ್ತು. 2021ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ ಉಳಿದಿದೆ. ಬಡವರ ಬೇಕರಿ ಒಲೆ ಆರಿಸೋಕೆ ಹೋದ ಆಗ್ನ್ಯೂ ಸಾಹೇಬ ಇಂಗ್ಲೆಂಡಿನಲ್ಲಿ ಸೋತ. ಇಲ್ಲಿ ಗೆದ್ದಿದಾನೆ.

ಒಂದು ಮಾತು ಸ್ಪಷ್ಟ ಇರಲಿ. ಎಲ್ಲರೂ ದನದ ಬಾಡು ತಿನ್ನಲೇಬೇಕು ಅಂತ ನಾನು ಹೇಳ್ತಿಲ್ಲ. ನಮ್ಮಲ್ಲೇ ತಿನ್ನದವರು ಇದಾರೆ, ಬೌದ್ಧರಾಗಿ ಮಾಂಸವನ್ನೇ ಬಿಟ್ಟವರು ಇದಾರೆ. ಅದು ಅವರವರ ಇಷ್ಟ. ಮುಚ್ಚಿಟ್ಟುಕೊಂಡು ಬದುಕ್ತಿರೋರನ್ನೂ ನಾನು ಬೈಯಲ್ಲ. ಬಾಡಿಗೆ ಮನೆ ಖಾಲಿ ಮಾಡಿಸ್ತಾರೆ, ಪ್ರಮೋಷನ್ ತಪ್ಪಿಸ್ತಾರೆ, ಕೆಲವು ಕಡೆ ಜೀವವನ್ನೇ ತೆಗೆದಿದ್ದಾರೆ. ಬಾಬಾಸಾಹೇಬರಿಗೇ ಒಂದು ರೂಮಿಗಾಗಿ ಹೆಸರು ಬದಲಿಸಬೇಕಾಯ್ತು ಅಂದ್ರೆ ನಾವು ಯಾವ ಲೆಕ್ಕ. ಆದ್ರೆ ಬಾಬಾಸಾಹೇಬರು ಅದನ್ನ ಮುಂದೆ ತಾವೇ ಬರೆದಿಟ್ಟರು. ಮುಚ್ಚಿಟ್ಟಿದ್ದು ಹನ್ನೊಂದು ದಿನ, ಬರೆದಿದ್ದು ಎಲ್ಲಾ ಕಾಲಕ್ಕೆ. ನಾವು ಬರೀ ಹನ್ನೊಂದು ದಿನವನ್ನೇ ಕಲಿತು ಮಕ್ಕಳಿಗೂ ಅದನ್ನೇ ಕಲಿಸ್ತಿದೀವಿ.

ಇವತ್ತು ಬೆಳಗ್ಗೆ ಅವಳಿಗೆ ಫೋನ್ ಮಾಡಿದೆ. "ಮಗಳೇ, ತಪ್ಪು ನಿಂದಲ್ಲ. ಹಾಸ್ಟೆಲ್ ಗೇಟಲ್ಲಿ ನಾನ್ ಹೇಳಿದ್ದೆನಲ್ಲಾ, ಅದನ್ನ ವಾಪಸ್ ತಗೊಂಡಿದೀನಿ. ಮುಂದಿನ ಸಲ ಹೋದಾಗ ನಿಂಗೆ ಕೋಳಿ ಇಷ್ಟ ಆದ್ರೆ ಕೋಳಿನೇ ತಗೋ. ಹೆದರ್ಕೊಂಡು ಮಾತ್ರ ತಗೋಬೇಡ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಾವ, ಆ ಇಬ್ರಲ್ಲಿ ಒಬ್ಬಾಕೆ ಮೆನು ನೋಡ್ತಾ ಬಾಳ ಹೊತ್ತು ಕೂತಿದ್ಲು. ಅವ್ಳೂ ಚಿಕನ್ನೇ ಅಂದ್ಲು. ನಾನ್ ಅಂದ್ಮೇಲೆ ಅಂದ್ಲು. ಒಂದ್ ವೇಳೆ..." ಅಂತ ಅರ್ಧಕ್ಕೇ ನಿಲ್ಲಿಸಿದ್ಲು.

ನಾನೂ ಅದನ್ನೇ ಯೋಚಿಸ್ತಾ ಇದೀನಿ. ಒಂದೇ ಮೇಜು, ಎದುರು ಬದುರು. ಇವಳಿಗೆ ಅವಳ ಹೆದರಿಕೆ, ಅವಳಿಗೆ ಇವಳ ಹೆದರಿಕೆ ಇದ್ದಿರಬಹುದಾ?

ನಾಳೆ ಸೋಮವಾರ. ಹತ್ತೂವರೆಗೆ ಟೀ ಬರುತ್ತೆ. "ಏನ್ರೀ, ನಿನ್ನೆ ಏನ್ ಸ್ಪೆಷಲ್ಲು" ಅಂತ ಕೇಳೇ ಕೇಳ್ತಾರೆ. ನಮ್ಮ ಆಫೀಸಿನ ನಾಲ್ಕೈದು ಜನ ಈ ಫೇಸ್‌ಬುಕ್‌ನಲ್ಲಿ ಇದಾರೆ, ಓದ್ತಾ ಇರ್ತಾರೆ. ಅವರಿಗೆ ಇಲ್ಲೇ ಹೇಳ್ಬಿಡ್ತೀನಿ. ನಿನ್ನೆ ಮೊನ್ನೆಯವರೆಗೆ ನಾನು ಹೇಳಿದ್ದೆಲ್ಲಾ ಚಿಕನ್ ಅಲ್ಲ ಸರ್. ಇವತ್ತು ಮಾಡಿರೋದು ಎಮ್ಮೆ ಬಾಡಿನ ಸಾರು, ಮುದ್ದೆ. ಅಕ್ಕನೂ ಬಂದಿದಾಳೆ. ಒಲೆ ಮೇಲೆ ಕುದೀತಾ ಇದೆ. ಬರೋರು ಬರಬಹುದು, ಮನೆ ಬಾಗಿಲು ತೆಗೆದೇ ಇದೆ. ಲೋಟ ತಟ್ಟೆ ನಾವೇ ತೊಳೀತೀವಿ, ನೀವು ಇಟ್ಟು ಹೋಗಿ.

ಜೈ ಭೀಮ್.